ಸವುಳು ಹೊಲದ ಕೆಂಪು ಗಂಟು

ನಾನು ಕಣ್ಣಿಗೆ ಕಾಣದ ಒಂದು ಜೀವಾಣು. ಉಪ್ಪು ಉಕ್ಕುವ ಸವುಳು ನೆಲದಲ್ಲಿ ಹಠ ಹಿಡಿದು ನಿಂತಿದ್ದ ಮುದಿ ಹೊಂಗೆಯ ಬೇರಿನ ಗಂಟಿನಲ್ಲಿ ಹುಟ್ಟಿದೆ. ಗಾಳಿಯ ಸಾರಜನಕ ಹಿಡಿದು ಮರಕ್ಕೆ ಉಣಿಸುವುದು ನನ್ನ ಕೆಲಸ. ಅದಕ್ಕೆ ಪ್ರತಿಯಾಗಿ ಮರ ನನಗೆ ಸಕ್ಕರೆ ಕೊಡುತ್ತಿತ್ತು. ಹಾಯಾಗಿದ್ದೆ. ಒಂದು ದಿನ ಕೃಷಿ ಕೇಂದ್ರದವರು ಬಂದು ಗಂಟು ಕತ್ತರಿಸಿದರು, ಸ್ಪಿರಿಟ್ಟಿನಲ್ಲಿ ಅದ್ದಿ ಸಿಪ್ಪೆಯ ಮೇಲಿದ್ದ ಜೀವಾಣುಗಳನ್ನೆಲ್ಲ ಕೊಂದರು, ಒಳಗಿದ್ದ ನಮ್ಮನ್ನು ಜಜ್ಜಿ, ಯಾರು ತಾಳುತ್ತಾರೆಂದು ನೋಡಲು ಉಪ್ಪುನೀರಿಗೆ ಬಿಟ್ಟರು. ಉಪ್ಪು ಮೈಯೊಳಗಿನ ನೀರನ್ನೇ ಕಿತ್ತುಕೊಳ್ಳುತ್ತದೆ. ನನ್ನವರು ಸುತ್ತಲೂ ಸುರುಟಿ ಸತ್ತರು. ನಾನು ಸಾಯಲಿಲ್ಲ. ಇದು ಗಟ್ಟಿ ಪಿಂಡ ಎಂದು ಅವರು ಖುಷಿಪಟ್ಟರು.

ಒಂದು ಎರಡಾಗಿ, ಎರಡು ಕೋಟಿಯಾಗಿ ಬೆಳೆದ ನನ್ನನ್ನು ಇದ್ದಿಲ ಪುಡಿಯಲ್ಲಿ ಕಲಸಿ ಪೊಟ್ಟಣ ಕಟ್ಟಿದರು. ಅದನ್ನು ದುರುಗವ್ವ ಒಯ್ದಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಕಾಲುವೆಯ ಕೊನೆಯ ಹೊಲವೊಂದೇ. ಮೇಲಿನ ಹೊಲದಲ್ಲಿ ಮೈದುನ ಯಂಕೋಬ ಭತ್ತಕ್ಕೆ ನಿಲ್ಲಿಸಿದ ನೀರು ಬಸಿದು ಬಸಿದು, ಅವಳ ಹೊಲ ಉಪ್ಪು ಉಕ್ಕಿ ಬೆಳ್ಳಗಾಗಿತ್ತು. ಹಸಿರು ಬಾರದಿದ್ದರೆ ಆ ಹೊಲವನ್ನು ಯಂಕೋಬನ ಹೆಚ್ಚಿನ ನೀರು ಹರಿದುಹೋಗುವ ಬಸಿಗಾಲುವೆಗೆ ಬಿಟ್ಟುಕೊಡಬೇಕೆಂದು ಊರ ಹಿರಿಯರು ಹೇಳಿದ್ದರು. ಅವಳು ನನ್ನನ್ನು ಬೆಲ್ಲದ ನೀರಿನಲ್ಲಿ ಕಲಸಿ ಹೊಂಗೆ ಬೀಜಕ್ಕೆ ಸವರಿದಳು. ಸಸಿಗಳು ಸೊಂಟದೆತ್ತರ ಎದ್ದವು.

ಯಂಕೋಬ ಒಂದನ್ನು ಕಿತ್ತು ನೋಡಿದ. ಬೇರಿನ ತುಂಬ ಗಂಟು. ಹಿಂದಿನ ವರ್ಷ ಹುಳು ಬಿದ್ದು ಬೇರೆಲ್ಲ ಗಂಟುಗಟ್ಟಿ ಅವನ ಬದನೆ ತೋಟ ಒಣಗಿತ್ತು. ಅದೇ ರೋಗವೆಂದು ಹೆದರಿದ ಅವನು ಸಲಿಕೆ ಹಿಡಿದು ನುಗ್ಗಿದ. ಬೇರುಗಳು ಪಟಪಟ ಹರಿದವು. ನಾನಿದ್ದ ಗಂಟುಗಳು ಬಿಸಿಲಿಗೆ ಬಿದ್ದು ಬೆಂದವು.

"ಅತ್ತಿಗಿ, ಇದು ಗಂಟುರೋಗ. ನನ್ನ ಹೊಲಕ್ಕೂ ಹತ್ತತೈತಿ. ಒಂದೂ ಉಳಸಂಗಿಲ್ಲ."

ದುರುಗವ್ವ ನಾನು ಇನ್ನೂ ಉಳಿದಿದ್ದ ಕೊನೆಯ ಸಸಿಯ ಬುಡ ಹಿಡಿದು ಕೂತಳು. ಎತ್ತಿದ ಸಲಿಕೆ ನಿಲ್ಲಲಿಲ್ಲ. ಅವಳ ಎಡಗೈಯ ಎರಡು ಬೆರಳು ನನ್ನ ಪಕ್ಕದ ಮಣ್ಣಿಗೆ ಬಿದ್ದವು. ಯಂಕೋಬ ಸಲಿಕೆ ಬಿಸಾಕಿದ. ಅವಳು ಬಲಗೈಯಿಂದ ಒಂದು ಗಂಟನ್ನು ಚಿವುಟಿ, ಒಡೆದು ತೋರಿಸಿದಳು. ಒಳಗೆ ಕೆಂಪಗಿತ್ತು.

"ರೋಗದ ಗಂಟಿಗೆ ಈ ಬಣ್ಣ ಇರಂಗಿಲ್ಲ. ಇದು ಗಿಡದ ಅನ್ನ," ಎಂದಳು.

ಆ ಒಂದು ಸಸಿ ಈಗ ಮರ. ಅದರ ನೆರಳಲ್ಲಿ ಹುಲ್ಲು ಬಂದಿದೆ, ಹೊಲ ದುರುಗವ್ವನಿಗೇ ಉಳಿದಿದೆ. ಉಪ್ಪು ಮೇಲಿನ ಹೊಲಕ್ಕೂ ಹತ್ತಿತು; ಯಂಕೋಬನ ಭತ್ತ ಸುಟ್ಟುಹೋಯಿತು. ಇಂದು ಅವನು ಬುಟ್ಟಿ ಹಿಡಿದು ಬಂದು, ತಲೆ ಎತ್ತದೆ, ತನ್ನ ಹೊಲದಲ್ಲೂ ಹೊಂಗೆ ಹಚ್ಚಲು ಮರದ ಬುಡದ ಮಣ್ಣು ಕೇಳಿದ. ಅವಳು ಮೂರು ಬೆರಳಿನ ಆ ಕೈಯಿಂದಲೇ ಕೆದರಿ ಬುಟ್ಟಿ ತುಂಬಿಸಿದಳು.

ನಾನೀಗ ಆ ಬುಟ್ಟಿಯಲ್ಲಿದ್ದೇನೆ. ಅವನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಆದರೆ ಅವನ ಹೊಲದಲ್ಲಿ ಒಂದು ಎಳೆ ಬೇರು ಸಿಕ್ಕರೆ ಗಂಟು ಕಟ್ಟದೆ ಇರಲಾರೆ.