ಎಲೆಯಡಿಯ ಮೊಗ್ಗು

ಮೈದುನ ಕದ ತಳ್ಳಿಕೊಂಡು ಒಳಗೆ ಬಂದವನೇ ಕೈಯಲ್ಲಿದ್ದ ಗಿಡವನ್ನು ಹೊಲಿಗೆಯ ಮೇಜಿನ ಮೇಲೆ ಒಗೆದ. ಬೇರಿನ ಕೆಸರು ಬಿಳಿ ಸ್ಯಾಟಿನ್ ಬಟ್ಟೆಯ ಮೇಲೆ ಸಿಡಿಯಿತು. ಕತ್ತರಿ ಹಿಡಿದು ನಿಂತಿದ್ದ ಅತ್ತಿಗೆ ಬಟ್ಟೆಯನ್ನು ಈಚೆಗೆ ಎಳೆದುಕೊಂಡಳು.

“ಇದು ಹನ್ನೆರಡನೇದು ಅತ್ತಿಗೆ. ಎಲ್ಲಾ ನನ್ನ ಹುಲ್ಲಲ್ಲಿ.”

“ಬಟ್ಟೆ ಗಿರಾಕೀದು ಕಣಪ್ಪ.”

“ಹೂವೆಲ್ಲ ಕಿತ್ತುಹಾಕ್ತೀನಿ, ಬೀಜ ಆಗಲ್ಲ ಅಂತ ನೀನೇ ಮಾತು ಕೊಟ್ಟಿದ್ದೆ. ನನ್ನ ಕಣ್ಣಿಗೆ ಮಣ್ಣೆರಚಿ ನಾಲ್ಕು ಹೂ ಬಿಟ್ಕೊಂಡಿರ್ತೀಯ.”

ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಅಣ್ಣತಮ್ಮಂದಿರು ಹಂಚಿಕೊಂಡಿದ್ದರು. ಮೈದುನ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಅವನ ಹುಲ್ಲುಹಾಸಿನ ಬಡಿವಾರವನ್ನು ಏನು ಹೇಳುವುದು! ಸಂಜೆಯಾದರೆ ಕತ್ತರಿ ಹಿಡಿದು ಅಂಚು ಕತ್ತರಿಸುತ್ತಾ ಕೂರುತ್ತಿದ್ದ. ಹೆಂಡತಿ ಕೂಡ ಅದರ ಮೇಲೆ ಕಾಲಿಡುವಂತಿರಲಿಲ್ಲ. ಮನೆಮಂದಿಯೆಲ್ಲ ಬೆನ್ನ ಹಿಂದೆ ಅವನನ್ನು ಇಂಚುಟೇಪು ಅನ್ನುತ್ತಿದ್ದರು.

ಅತ್ತಿಗೆಯ ಪಾಲಿಗೆ ಬಂದದ್ದು ಹಿತ್ತಲಿನ ನೆರಳುಪಟ್ಟಿ. ಗಿರಣಿಯ ಹಿಂದಿನ ಕಾಲುವೆಯ ದಂಡೆಯಿಂದ ಕಾಡು ವಯೊಲೆಟ್ ಅನ್ನುವ ಹೂಗಿಡದ ಎರಡು ಬೇರು ಕಿತ್ತು, ಒದ್ದೆ ಚಿಂದಿಯಲ್ಲಿ ಸುತ್ತಿ ತಂದು ಅಲ್ಲಿ ನೆಟ್ಟಿದ್ದಳು. ದಾರದ ಉಂಡೆಗಳ ನಡುವೆಯೇ ಆಯಸ್ಸು ಸವೆಸಿದ್ದ ಅವಳಿಗೆ ಅಂಥ ನೇರಳೆ ಬಣ್ಣ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಮೊದಲ ವರ್ಷ ಪಟ್ಟಿಯೆಲ್ಲ ಹೂ ತುಂಬಿತ್ತು. ಗೋಡೆಯಾಚೆ ನಾಲ್ಕು ಸಸಿ ಎದ್ದಾಗ ಗಲಾಟೆಯಾಗಿ, ಅವಳು ಮಾತು ಕೊಟ್ಟಳು. ಆಮೇಲಿನ ಎರಡು ವರ್ಷ ಮಿಷನ್ನಿಗೆ ಕೂರುವ ಮೊದಲು ಅರಳಿದ ಹೂವನ್ನೆಲ್ಲ ತನ್ನ ಕೈಯಾರೆ ಕಿತ್ತು ಕಸದ ಡಬ್ಬಿಗೆ ಹಾಕಿದಳು. ಒಂದನ್ನೂ ಬಿಡಲಿಲ್ಲ.

“ನಾಳೆ ನಿನ್ನ ಪಟ್ಟಿಗೆಲ್ಲ ಕಳೆ ಔಷಧಿ ಹೊಡೀತೀನಿ. ಅಣ್ಣ ಒಪ್ಪಿದಾನೆ,” ಎಂದು ಮೈದುನ ಹೊರಟ.

ಒಳಗಿನಿಂದ ಗಂಡ ಕೆಮ್ಮಿದ.

“ನಿಜವೇನ್ರೀ?”

“ಹೋಗ್ಲಿ ಬಿಡೆ. ಒಂದು ಗಿಡಕ್ಕೋಸ್ಕರ ಒಡಹುಟ್ಟಿದವನ ಹತ್ರ ಮುಖ ಕೆಡಿಸ್ಕೊಳ್ಳೋದಾ?”

ಅವಳಿಗೆ ಇಬ್ಬರ ಮೇಲೂ ಹೇಸಿಗೆ ಹುಟ್ಟಿತು. ಆದರೂ ಸುಳ್ಳುಗಾತಿ ಅನ್ನಿಸಿಕೊಂಡದ್ದೇ ಒಳಗೆ ಕೊರೆಯುತ್ತಿತ್ತು. ಹಿತ್ತಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಹೂವಿನ ಕಾಲ ಮುಗಿದು ಎರಡು ತಿಂಗಳಾಗಿತ್ತು, ಬರೀ ಎಲೆ. ಒಂದು ಗಿಡದ ಎಲೆಗಳನ್ನು ಪಕ್ಕಕ್ಕೆ ಸರಿಸಿದರೆ ಬುಡದಲ್ಲಿ, ಅರ್ಧ ಮಣ್ಣೊಳಗೆ, ಅಕ್ಕಿಕಾಳಿನಂಥ ಬಿಳಿಚಿದ ಮೊಗ್ಗುಗಳು. ಬಣ್ಣವಿಲ್ಲ, ದಳವಿಲ್ಲ. ಪಕ್ಕದಲ್ಲೇ ಅಂಥವೇ ಬಲಿತು ಕಾಯಾಗಿದ್ದವು. ಸೆರಗಿಗೆ ಸಿಕ್ಕಿಸಿದ್ದ ಸೂಜಿ ತೆಗೆದು ಒಂದನ್ನು ಸೀಳಿದಳು. ಒಳಗೆ ಬೀಜ ಕಿಕ್ಕಿರಿದಿತ್ತು.

ಇನ್ನೊಂದನ್ನು ಸೀಳಿದಳು. ಅದರಲ್ಲೂ. ಅರಳದೆ, ಯಾರ ಕಣ್ಣಿಗೂ ಬೀಳದೆ, ಈ ಮೊಗ್ಗುಗಳು ಮಣ್ಣಲ್ಲೇ ಬಸಿರಾಗುತ್ತಿದ್ದವು. ಅವಳು ಕಿತ್ತೆಸೆದದ್ದು ಕಣ್ಣಿಗೆ ಕಾಣುವ ಹೂವನ್ನು ಮಾತ್ರ. ಎರಡು ವರ್ಷದ ನೇರಳೆಯೆಲ್ಲ ಸುಮ್ಮಸುಮ್ಮನೆ ಕಸಕ್ಕೆ ಹೋಯಿತಲ್ಲ! ಅವಳಿಗೆ ತನ್ನ ಕೈಗಳನ್ನು ಕಂಡೇ ಅಸಹ್ಯವಾಯಿತು. ಥೂ, ಎಂಥ ಪೆದ್ದಿ ನಾನು ಅಂದುಕೊಂಡಳು.

ಗಂಡ ಬಾಗಿಲಿಗೆ ಬಂದು ನಿಂತ. “ಬೆಳಿಗ್ಗೆ ಬಾ ಅಂತ ಅವನಿಗೆ ಹೇಳಿಬಿಡ್ಲಾ?”

“ಹೇಳಿ.”

“ಕೋಪ ಇಲ್ಲ ತಾನೆ?”

“ಇಲ್ಲ. ಕತ್ತಲಾಗೋ ಮುಂಚೆ ಸ್ವಲ್ಪ ಕೆಲಸ ಇದೆ, ಹೋಗಿ.”

ಅವನು ಹೋದಮೇಲೆ ಬಲಿತ ಕಾಯಿಗಳನ್ನೆಲ್ಲ ಒಂದೊಂದಾಗಿ ಸೀಳಿ ಬೀಜವನ್ನು ಅಂಗೈಗೆ ಬಿಡಿಸಿಕೊಂಡಳು. ಪ್ರತಿ ಬೀಜದ ತುದಿಯಲ್ಲೂ ಒಂದು ಬಿಳಿ ಚುಕ್ಕೆ. ಚೆಲ್ಲಿದ ನಾಲ್ಕನ್ನು ಆಗಲೇ ಇರುವೆಗಳು ಆ ಚುಕ್ಕೆಗೇ ಬಾಯಿ ಹಾಕಿ ಎಳೆಯುತ್ತಿದ್ದವು. ಅವು ಹೋಗುವ ದಾರಿ ಹಿಡಿದು ನೋಡಿದರೆ ಗೋಡೆಯ ಬುಡದ ಬಿರುಕಿನಲ್ಲಿ ನುಸುಳಿ ಮೈದುನನ ಹುಲ್ಲಿನ ಕಡೆಗೆ ಹೋಗುತ್ತಿದ್ದವು. ಅವಳು ಬೊಗಸೆ ಬಗ್ಗಿಸಿ ಬೀಜವನ್ನೆಲ್ಲ ಬಿರುಕಿನ ಬಾಯಿಗೆ ಸುರಿದಳು.

ಗೋಡೆಯಾಚೆ ಕತ್ತರಿ ಕಚಕಚ ಅನ್ನುತ್ತಿತ್ತು. ಇರುವೆಗಳ ಸಾಲು ಒಂದೊಂದು ಬೀಜ ಹೊತ್ತು ಬಿರುಕಿನೊಳಗೆ ಇಳಿಯುತ್ತಿತ್ತು. ಸಾಲಿಗೆ ಅಡ್ಡವಾಗಿದ್ದ ತನ್ನ ಕಾಲನ್ನು ಅವಳು ಮೆಲ್ಲಗೆ ಈಚೆಗೆ ತೆಗೆದಿಟ್ಟಳು.