ಹಂಡೆ ಎಲ್ಲಿಡಬೇಕು

ಕಮಲಾಪುರದ ಜೀಪು ಸಭಾಭವನದ ಮುಂದೆ ನಿಂತಿತು. ಅದರಿಂದ ಜಯತೀರ್ಥರಾಯರು, ಅವರ ಹೆಂಡತಿ, ಮಗಳು ಜಾನಕಿ, ಕೊನೆಗೆ ಕೆಂಪು ಬಾಳೆಹಣ್ಣಿನ ಬುಟ್ಟಿ ಇಳಿದಾಗ ವಾಸುದೇವನ ಮುಖ ಬಿಳಿಚಿಕೊಂಡಿತು.

"ಅಮ್ಮಾ, ಇವರನ್ನ ಯಾಕ ಕರದಿ? ಇದು ವೆಬ್‌ಸೈಟ್ ಮಾಡೋರ ಸಮ್ಮೇಳನ."

"ಕಾರ್ಡಿನಾಗ ಸಹಕುಟುಂಬ ಸಹಪರಿವಾರ ಬರ್ರಿ ಅಂತ ಹಾಕ್ಸೀದಿ. ನಾ ಕರದೆ," ಎಂದು ಮುಕ್ತಾಬಾಯಿ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡಳು.

ಹಾಕಿಸಿದವನು ಮಗನಲ್ಲ. ರೋಜಾ ಓಣಿಯ ಹತ್ತಿರದ ಹುಸೇನನ ಪ್ರೆಸ್ಸಿನಲ್ಲಿ ವರ್ಷವಿಡೀ ಮದುವೆ ಪತ್ರಿಕೆಯೇ ಅಚ್ಚಾಗುವುದು. ಕೊನೆಯ ಸಾಲು ಖಾಲಿ ಬಿಡಲು ಮನಸ್ಸಾಗದೆ ಅವನೇ ರೂಢಿಯಂತೆ ತುಂಬಿಸಿದ್ದ. ವಾಸುದೇವ ಇಂಗ್ಲಿಷ್ ಭಾಗವನ್ನಷ್ಟೇ ತಿದ್ದಿ ಕೊಟ್ಟಿದ್ದ. ವೆಬ್‌ಸೈಟ್ ಅನ್ನುವ ಮಾತೇ ಆಗ ಊರಿಗೆ ಹೊಸದು. ದೀಪಾವಳಿಯಿಂದ ವಾಸುದೇವ, ಜಾನಕಿಯರ ಮದುವೆ ಸಂಬಂಧ ಒಂದೇ ಪ್ರಶ್ನೆಗೆ ತಗುಲಿ ನಿಂತಿತ್ತು. ಹುಡುಗ ಏನು ಕೆಲಸ ಮಾಡುತ್ತಾನೆಂದು ರಾಯರು ಕೇಳಿದಾಗಲೆಲ್ಲ ಕಂಪ್ಯೂಟರ್ ಮುಂದೆ ಕೂಡುತ್ತಾನೆ ಎಂದು ಮುಕ್ತಾಬಾಯಿ ಅನ್ನುವುದು, ಅವರು ಹೂಂ ಎಂದು ಮಾತು ಮುಂದಕ್ಕೆ ಹಾಕುವುದು. ಕಣ್ಣಾರೆ ನೋಡಲಿ ಎಂದೇ ಕರೆದಿದ್ದಳು.

ಒಳಗೂ ಅದೇ ಕಥೆ. ಬೀದರ, ರಾಯಚೂರಿನ ಹುಡುಗರು ತಾಯಿ, ಅಕ್ಕ, ಕೂಸುಗಳ ಸಮೇತ ಬಂದಿದ್ದರು. ಪಾಠ ಹೇಳಲು ಹೈದರಾಬಾದಿನಿಂದ ಬಂದಿದ್ದ ನೂರಜಹಾನ್ ಬಾಗಿಲಲ್ಲೇ ನಿಂತು ಜೋರಾಗಿ ನಕ್ಕಳು. ವಾಸುದೇವ ತಪ್ಪಾಯಿತೆಂದು ಹೇಳಹೋದರೆ, ವೆಬ್‌ಸೈಟ್ ನೋಡಬೇಕಾದವರೇ ಬಂದಿದ್ದಾರಲ್ಲ ಎಂದು ಕುರ್ಚಿ ಸರಿಸಿ ಜಮಖಾನೆ ಹಾಸಿಸಿದಳು.

ವಾಸುದೇವ ಮಾಡುತ್ತಿದ್ದ ಪಾತ್ರೆ ಅಂಗಡಿಯ ವೆಬ್‌ಸೈಟೇ ಮೊದಲ ಪಾಠ. ಒಂದೊಂದು ಸಾಮಾನಿನ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು ಹರಡಿದರು. ಯಾವುದನ್ನು ಯಾವುದರ ಜೊತೆ ಇಟ್ಟರೆ ಕೊಳ್ಳುವವರಿಗೆ ಬೇಗ ಸಿಗುತ್ತದೋ ಹಾಗೆ ಜೋಡಿಸಬೇಕು. ಇದನ್ನು ಕೇಳಿದ್ದೇ ಹೆಂಗಸರು ಸೆರಗು ಸಿಕ್ಕಿಸಿ ಕೂತರು. ರಾಯರು ಮಾತ್ರ ಬುಟ್ಟಿಯನ್ನು ಯಾರಿಗೂ ಕೊಡದೆ ಮೊಣಕಾಲ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಸಂಬಂಧ ಒಪ್ಪಿದರಷ್ಟೇ ಅದು ತನ್ನ ಮುಂದೆ ಬರುವುದೆಂದು ಮುಕ್ತಾಬಾಯಿಯ ಕಣ್ಣು ಅದರ ಮೇಲೇ.

ಹಂಡೆಯ ಚೀಟಿಯನ್ನು ವಾಸುದೇವ ಅಡುಗೆ ಸಾಮಾನಿನ ಸಾಲಿನಲ್ಲಿಟ್ಟ.

"ಹಂಡೆದಾಗ ಅನ್ನಾ ಮಾಡ್ತೀರೇನ್ರಿ?" ಎಂದಳು ಜಾನಕಿ. ಅವನೊಡನೆ ಅವಳ ಮೊದಲ ಮಾತು ಅದು. ಚೀಟಿಯನ್ನೆತ್ತಿ ಮದುವೆ ಸಾಮಾನಿಗೆ ಸೇರಿಸಿದಳು.

ರಾಯರು ಅದನ್ನು ಬಚ್ಚಲಿನ ಸಾಲಿಗೆ ಒಯ್ದರು. "ಮದುವಿ ಒಂದ್ ದಿನದ್ದು. ಜಳಕ ದಿನಾ ಇರ್ತದ."

ಮಗನ ಹಟ ಬಲ್ಲ ಮುಕ್ತಾಬಾಯಿ ಇನ್ನು ವಾದ ಶುರುವಾಯಿತು ಎಂದುಕೊಂಡಳು. ವಾಸುದೇವ ವಾದಿಸಲಿಲ್ಲ. ಅಂಗಡಿಗೆ ಹೋದರೆ ಮೊದಲು ಎಲ್ಲಿ ಹುಡುಕುತ್ತೀರಿ ಎಂದು ರಾಯರನ್ನು ಕೇಳಿದ, ಅವರ ಹೆಂಡತಿಯನ್ನು ಕೇಳಿದ, ಕಿವಿ ಕೆಂಪಾಗಿಸಿಕೊಂಡು ಜಾನಕಿಯನ್ನೂ ಕೇಳಿದ. ಆಮೇಲೆ ಇನ್ನೊಂದು ಚೀಟಿಯಲ್ಲಿ ಹಂಡೆ ಎಂದು ಬರೆದು ಮದುವೆ, ಬಚ್ಚಲು ಎರಡೂ ಸಾಲಿನಲ್ಲಿ ಇಟ್ಟ.

"ನಂದೇ ತಪ್ಪಿತ್ರಿ," ಎಂದ.

ರಾಯರು ಮುಕ್ತಾಬಾಯಿಯ ಕಡೆ ತಿರುಗಿದರು. "ಇವನ ಕೆಲಸ ಇದೇ ಏನ್ರಿ? ಮಂದೀನ್ನ ಕೇಳಿ, ಅವರ ಕೈಗೆ ಸಿಗೋಹಂಗ ಇಡೋದು?"

"ಹೂಂನ್ರಿ," ಎಂದಳು ಅವಳು, ತನಗೂ ಈಗಷ್ಟೇ ಗೊತ್ತಾದದ್ದನ್ನು ತೋರಗೊಡದೆ.

ರಾಯರು ಬುಟ್ಟಿಯನ್ನು ಅವಳ ಮುಂದೆ ಸರಿಸಿದರು.

ಅಡುಗೆ ಅಷ್ಟು ಜನಕ್ಕೆ ಸಾಲುವಂತಿರಲಿಲ್ಲ. ಬಾಳೆಹಣ್ಣು ಸೇರಿ ಎಲ್ಲರ ಹೊಟ್ಟೆ ತುಂಬಿತು. ಜಮಖಾನೆ ಖಾಲಿಯಾಗಿ ಎಷ್ಟೋ ಹೊತ್ತಾದರೂ ವಾಸುದೇವ, ಜಾನಕಿ ಇಬ್ಬರೂ ಆರತಿ ತಟ್ಟೆಯ ಚೀಟಿ ಹಿಡಿದು ಜಗಳಾಡುತ್ತಲೇ ಇದ್ದರು. ಮುಕ್ತಾಬಾಯಿ ಎರಡು ತಟ್ಟೆ ಬಡಿಸಿಕೊಂಡು ಬಂದು, ಒಂದು ಚೀಟಿಯೂ ಅಲುಗದ ಹಾಗೆ ಅಂಚಿನಲ್ಲಿಟ್ಟು, ಸದ್ದಿಲ್ಲದೆ ಹಿಂದೆ ಸರಿದಳು.