ನಿಂಬೆಯ ಋಣದಲ್ಲಿ ಬಂದ ಸೈಕಲ್ಲು

ಒಕುಗಾವಾ ಜಿಂಪೇ ನನ್ನ ಅಂಗಡಿಯಲ್ಲಿ ಹೊಸ ಟ್ಯೂಬು ಕೊಂಡದ್ದು ನನಗೆ ನೆನಪಿಲ್ಲ. ಹಳೆಯ ಟ್ಯೂಬಿಗೆ ಹನ್ನೊಂದನೆಯ ಪಂಕ್ಚರು ಹಾಕಿಸಿಕೊಂಡು, ಕೂಲಿಗೆ ಬದಲಾಗಿ ನಾಲ್ಕು ನಿಂಬೆಹಣ್ಣು ಇಟ್ಟು ಹೋಗುವುದು ಅವನ ಪದ್ಧತಿ. ನಮ್ಮ ಇಕುಚಿ ದ್ವೀಪದ ಇಳಿಜಾರಿನಲ್ಲಿ ಅವನಿಗೆ ಮುನ್ನೂರು ನಿಂಬೆಗಿಡಗಳಿದ್ದುದರಿಂದ ಕ್ಷೌರವೂ ನಿಂಬೆಯಲ್ಲಿ, ಮೀನೂ ನಿಂಬೆಯಲ್ಲಿ ನಡೆಯುತ್ತಿತ್ತು. ಅಂಥವನು ಅಕ್ಟೋಬರಿನ ಒಂದು ಬೆಳಿಗ್ಗೆ ಬರಿಗೈಯಲ್ಲಿ ಬಂದು ನಿಂತಾಗ, ಏನೋ ಗಂಡಾಂತರ ಒದಗಿದೆಯೆಂದು ನಾನು ಪಾನಾ ಕೆಳಗಿಟ್ಟೆ.

"ಯಾಸು, ದೂರದಿಂದ ಒಂದು ಸೈಕಲ್ಲು ತರಿಸ್ಬೇಕು. ಕಮ್ಮೀಲಿ ಆಗ್ಬೇಕು."

"ಎಲ್ಲಿಂದ ಅಣ್ಣ?"

"ಹಿರೊಸಾಕಿಯಿಂದ."

ನಾನು ನಕ್ಕುಬಿಟ್ಟೆ. ಹಿರೊಸಾಕಿ ಸೇಬಿನ ಸೀಮೆ, ಜಪಾನಿನ ಆ ತುದಿ. ಈ ಅಂಗಡಿಯಲ್ಲಿ ನೆಲೆ ನಿಲ್ಲುವ ಮೊದಲು ಹತ್ತಾರು ಊರುಗಳಲ್ಲಿ ಹತಾರಗಳ ಚೀಲ ಹೊತ್ತು ಅಲೆದ ನಾನೂ ಅಲ್ಲಿಗೆ ಹೋಗುವ ಧೈರ್ಯ ಮಾಡಿರಲಿಲ್ಲ.

"ಅದೇನು ಚಿನ್ನದ ಸೈಕಲ್ಲಾ?"

"ಬುಟ್ಟಿ ಸೈಕಲ್ಲು. ಮೂವತ್ತೊಂದು ವರ್ಷದ್ದು. ಬ್ರೇಕು ಹಿಡಿದ್ರೆ ಹಂದಿ ಕೊಯ್ದ ಹಾಗೆ ಕಿರಚುತ್ತಂತೆ." ಅವನು ತಲೆ ತಗ್ಗಿಸಿದ. "ಕಿನುಯೋ ಅವರದ್ದು."

ಆಗ ವಿಷಯ ತಿಳಿಯಿತು. ಎರಡು ವರ್ಷದ ಹಿಂದೆ ಪ್ರವಾಸಕ್ಕೆ ಬಂದ ಹೆಂಗಸರ ತಂಡದಲ್ಲಿ, ಹರಿದ ಬಟ್ಟೆಗಳನ್ನು ಹೊಲಿದು ರಿಪೇರಿ ಮಾಡುವ ಈಕೆ ಇದ್ದಳು. ಅರವತ್ತನಾಲ್ಕು ವರ್ಷ, ವಿಧವೆ. ಜಿಂಪೇಯ ಅಂಗಿಯ ತೋಳು ಹರಿದಿರುವುದನ್ನು ಕಂಡು ನಿಂತಲ್ಲೇ ಹೊಲಿದು ಕೊಟ್ಟಿದ್ದಳು. ಅಂದಿನಿಂದ ಪ್ರತಿ ಭಾನುವಾರ ಫೋನು. ಮಡದಿ ತೀರಿ ಒಂಬತ್ತು ವರ್ಷ ಒಬ್ಬನೇ ನೂಡಲ್ಸು ಬೇಯಿಸಿ ತಿಂದವನು ಕೊನೆಗೂ ಮದುವೆಯ ಮಾತೆತ್ತಿದ್ದ. ಆಕೆ ಒಪ್ಪಿದ್ದಳು, ಒಂದೇ ಷರತ್ತಿನ ಮೇಲೆ.

"'ಸೈಕಲ್ಲು ಮೊದಲು ಬರ್ಲಿ, ಹಿಂದೆ ನಾನು ಬರ್ತೀನಿ' ಅಂದ್ಲು. 'ಹೊಸದು ಕೊಡಿಸ್ತೀನಿ' ಅಂತ ಬಾಯಿ ತಪ್ಪಿ ಅಂದೆ. 'ಎರಡನೇ ಸಲ ಗೊತ್ತಿಲ್ಲದ ಊರಿಗೆ ಸೊಸೆಯಾಗಿ ಹೋಗೋಳು ನಾನು, ಅಲ್ಲಿ ನನ್ನದು ಅನ್ನೋದು ಒಂದಾದ್ರೂ ಇರ್ಲಿ' ಅಂದ್ಲು. ನವೆಂಬರ್ ಇಪ್ಪತ್ತಕ್ಕೆ ಬರ್ತಾಳೆ. ಮೂರು ದಿನ ಇದ್ದು ನೋಡ್ತಾಳೆ. ಅಷ್ಟರಲ್ಲಿ ಸೈಕಲ್ಲು ಇಲ್ಲಿಲ್ದಿದ್ರೆ ಮದುವೆ ಇಲ್ಲ."

ಸಾಗಣೆಯವರನ್ನು ವಿಚಾರಿಸಿದೆವು. ಅವರು ಉದ್ದ, ಅಗಲ, ಎತ್ತರಗಳನ್ನು ಕೂಡಿಸಿ ಹೇಳಿದ ದರದಲ್ಲಿ ಅಂಥ ಎರಡು ಸೈಕಲ್ಲು ಕೊಳ್ಳಬಹುದಿತ್ತು. ಜಿಂಪೇ ಫೋನನ್ನು ಬಿಸಿ ಬಾಣಲೆಯಂತೆ ಕೆಳಗಿಟ್ಟ.

"ಚೀಲದಲ್ಲಿ ಪೂರ್ತಿ ಮುಚ್ಚಿ ತಂದ್ರೆ ರೈಲಲ್ಲಿ ಸೈಕಲ್ಲಿಗೆ ಟಿಕೆಟ್ಟೇ ಇಲ್ಲ ಅಣ್ಣ," ಎಂದೆ.

"ಜೊತೇಲಿ ಬರೋ ಮನುಷ್ಯನಿಗೆ?"

"ಮನುಷ್ಯನಿಗೆ ಇದೆ."

ಅವನು ಗಂಭೀರವಾಗಿ ಯೋಚಿಸಿದ. "ಮನುಷ್ಯನ್ನೂ ಚೀಲಕ್ಕೆ ಹಾಕಿದ್ರೆ?"

ರೋಸಿಹೋಗಿ, "ಹಾಗಾದ್ರೆ ಆ ಕಡೆಯಿಂದ ಈ ಕಡೆ ಬರೋರ ಕೈಲಿ ಊರಿಂದೂರಿಗೆ ದಾಟಿಸ್ಕೊಳ್ಳಿ," ಎಂದೆ. ನನ್ನ ವ್ಯಂಗ್ಯ ಅವನಿಗೆ ದೇವವಾಣಿಯಾಯಿತು. ಒಂದು ವಾರ ಅವನು ಫೋನು ಬಿಡಲಿಲ್ಲ. ಹಿರೊಸಾಕಿಯ ಸೇಬಿನ ಲಾರಿಯ ಚಾಲಕ ನೀಗಾಟದವರೆಗೆ, ಅವನ ಭಾವಮೈದ ಅಕ್ಕಿ ವ್ಯಾಪಾರಿ ಕನಜಾವಾದವರೆಗೆ, ಅಲ್ಲಿಂದ ಮಗಳ ಮನೆಗೆ ಹೋಗುವ ನಿವೃತ್ತ ಮೇಷ್ಟ್ರು ಒಸಾಕಾದವರೆಗೆ, ಅಲ್ಲಿಂದ ನಮ್ಮ ಕಡೆಯ ಮೀನಿನ ಲಾರಿ ಸೇತುವೆ ದಾಟಿ ದ್ವೀಪದವರೆಗೆ. ನಾಲ್ವರೂ ಪುಕ್ಕಟೆಯಾಗಿ ಒಪ್ಪಿದರು.

ಜಿಂಪೇ ಜಿಪುಣನೇ ಹೊರತು, ಒಪ್ಪಿದವರಿಗೆ ಬರಿಯ ಧನ್ಯವಾದ ಹೇಳಿ ಸುಮ್ಮನಿರುವಷ್ಟು ಒರಟನಲ್ಲ. ಆ ವರ್ಷದ ಮೊದಲ ಹಸಿರು ನಿಂಬೆಯನ್ನು ಒಬ್ಬೊಬ್ಬರಿಗೂ ಹತ್ತು ಕಿಲೋದ ಪೆಟ್ಟಿಗೆಯಂತೆ ಕಳಿಸಿದ. ಅದರ ಸಾಗಣೆಗೆ ಎಷ್ಟಾಯಿತೆಂದು ಕೇಳಿದೆ. ಅವನು ಹವಾಮಾನದ ಮಾತೆತ್ತಿದ.

ಆದರೆ ಒಂದು ಭಯ ಅವನನ್ನು ಕಾಡುತ್ತಿತ್ತು. ಕಾಣಿಕೆ ಪಡೆದವರು ಅದರ ಅರ್ಧದಷ್ಟಾದರೂ ಬೆಲೆಯದ್ದನ್ನು ಮರಳಿಸದೆ ನಮ್ಮಲ್ಲಿ ನಿದ್ದೆ ಮಾಡಲಾರರು. ಮರಳಿ ಬಂದದ್ದು ದೊಡ್ಡದಾದರೆ ಇವನು ಮತ್ತೆ ಕಳಿಸಬೇಕು. ಆ ಚಕ್ರ ನಿಲ್ಲುವುದು ಯಾರಾದರೂ ಸತ್ತಾಗಲೇ. ಆದ್ದರಿಂದ ಪ್ರತಿ ಪೆಟ್ಟಿಗೆಯಲ್ಲೂ ತನ್ನ ಸುಂದರ ಅಕ್ಷರದಲ್ಲಿ ಬರೆದಿಟ್ಟ: ದಯಮಾಡಿ ನನ್ನ ಮನೆಗೆ ಏನನ್ನೂ ಕಳಿಸಬಾರದೆಂದು ತಲೆಬಾಗಿ ಬೇಡುತ್ತೇನೆ.

"ಹೇಗಿದೆ ತಲೆ?" ಎಂದು ನನ್ನ ಮುಂದೆ ಬೀಗಿದ. ಅವನ ತಪ್ಪು ಅಲ್ಲೇ ಇತ್ತು.

ನವೆಂಬರ್ ಹದಿನೆಂಟರಂದು ಮೀನಿನ ಲಾರಿ ನನ್ನ ಅಂಗಡಿಯ ಮುಂದೆ ನಿಂತಿತು. ಇಳಿದದ್ದು ಕಡುನೀಲಿ ಬಣ್ಣದ, ಮಿರಮಿರ ಮಿಂಚುವ ಸೈಕಲ್ಲು. ಹೊಸ ಸೀಟು, ಹೊಸ ಬುಟ್ಟಿ, ಹೊಸ ಚೈನು, ಎರಡೂ ಹೊಸ ಚಕ್ರ, ರೇಷ್ಮೆಯಂತೆ ಹಿಡಿಯುವ ಬ್ರೇಕು. ಮನೆಗೆ ಏನನ್ನೂ ಕಳಿಸಬಾರದೆಂದ ಮೇಲೆ ಆ ಸಜ್ಜನರು ತಮ್ಮ ಋಣವನ್ನು ಸೈಕಲ್ಲಿಗೇ ತೀರಿಸಿದ್ದರು. ಸೇಬಿನ ಲಾರಿಯವನು ಸೀಟು ಮತ್ತು ಬುಟ್ಟಿ ಬದಲಿಸಿದ್ದ. ಅದನ್ನು ಕಂಡ ಅಕ್ಕಿ ವ್ಯಾಪಾರಿ ಹಿಂದೆ ಬೀಳಬಾರದೆಂದು ಚಕ್ರ, ಚೈನು ಹಾಕಿಸಿದ್ದ. ಅದನ್ನು ಕಂಡ ಮೇಷ್ಟ್ರು ಬ್ರೇಕು ಹಾಕಿಸಿ, ಮೊಮ್ಮಕ್ಕಳ ನೆರವಿನಿಂದ ಬಣ್ಣವನ್ನೂ ಬಳಿದಿದ್ದರು.

"ನಾನೇನು ಮಾಡ್ಲಿ ಇನ್ನು? ಏನೂ ಉಳಿದಿರ್ಲಿಲ್ಲ. ಬೆಲ್ಲು ಬದಲಾಯಿಸ್ದೆ," ಎಂದು ಮೀನಿನ ಲಾರಿಯವನು ಬೇಸರದಿಂದ ಹೇಳಿ ಹೊರಟುಹೋದ.

ಜಿಂಪೇಗೆ ಆನಂದಬಾಷ್ಪ. "ಯಾಸು, ಒಂದು ಯೆನ್ ಖರ್ಚಿಲ್ದೆ ಹಳೇದು ಹೊಸದಾಗಿ ಬಂತು ಕಣೋ!" ಕ್ಯಾರಿಯರ್‌ನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಬಿಗಿದಿದ್ದರು. ಅದನ್ನು ಕಂಡು ಮಾತ್ರ ಅವನ ಮುಖ ಬಾಡಿತು. "ನೋಡ್ದ್ಯಾ, ಹೇಳಿದ್ರೂ ಕೇಳಲ್ಲ, ಕಾಣಿಕೆ ಕಳಿಸಿದ್ದಾರೆ. ಬಿಚ್ಚಬೇಡ! ಬಿಚ್ಚಿದ್ರೆ ತಾನೇ ವಾಪಸ್ ಕೊಡ್ಬೇಕು? ಇಲ್ಲೇ ಮೂಲೇಲಿ ಇಟ್ಬಿಡು."

ಇಪ್ಪತ್ತರ ಮಧ್ಯಾಹ್ನ ಕಿನುಯೋ ಬಸ್ಸಿಳಿದಳು. ಗುಂಡಗಿನ ಪುಟ್ಟ ಹೆಂಗಸು. ಸೂಜಿ ಚುಚ್ಚದಂತೆ ತೊಡುವ ಹೊಲಿಗೆಯ ಉಂಗುರ ಬೆರಳಿನಲ್ಲಿ ಹಾಗೆಯೇ ಇತ್ತು. ಜಿಂಪೇ ಅಂಗಡಿಯ ಮುಂದೆ ನಿಲ್ಲಿಸಿದ್ದ ಸೈಕಲ್ಲಿನ ಮೇಲಿನ ಬಟ್ಟೆಯನ್ನು ಜಾದೂಗಾರನಂತೆ ಎಳೆದ.

ಆಕೆ ಸೈಕಲ್ಲಿನ ಹಿಂದೆ ನೋಡಿದಳು. ನನ್ನ ಹಿಂದೆಯೂ ನೋಡಿದಳು.

"ಚೆನ್ನಾಗಿದೆ. ಯಾರದ್ದು?"

"ನಿಮ್ಮದೇ!"

ಆಕೆ ಹತ್ತಿರ ಬಂದು ಬ್ರೇಕು ಹಿಡಿದಳು. ಸದ್ದಿಲ್ಲ. ಇನ್ನೊಮ್ಮೆ ಹಿಡಿದಳು. ಸೀಟಿನ ಮೇಲೆ ಕೈಯಾಡಿಸಿ, ಸುಟ್ಟಂತೆ ಕೈ ಹಿಂದೆಗೆದಳು.

"ಒಕುಗಾವಾ ಅವರೇ, ಹಿರೊಸಾಕೀಲಿ ನನ್ನ ಬ್ರೇಕಿನ ಸದ್ದು ಕೇಳಿದ್ರೆ ಜನ ಹರಿದ ಬಟ್ಟೆ ಹಿಡ್ಕೊಂಡು ಬಾಗ್ಲಿಗೆ ಬರ್ತಿದ್ರು. ಬೋರ್ಡಿಲ್ಲ, ಫೋನಿಲ್ಲ, ಅದೇ ನನ್ನ ಅಂಗಡಿ. ಸೀಟಿಗೆ ನಾನೇ ಹೊಲಿದ ಹೊದಿಕೆ ಇತ್ತು." ದನಿ ಏರಲಿಲ್ಲ, ಅದೇ ಭಯಂಕರವಾಗಿತ್ತು. "ನಾನು ಇದ್ದ ಹಾಗೇ ಬೇಕು ಅಂದಿದ್ರಿ. ಸೈಕಲ್ಲಿಗೇ ಹೀಗೆ ಮಾಡಿದೋರು ನನಗೇನು ಮಾಡ್ತೀರೋ. ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು?"

ಜಿಂಪೇಯ ಮುಖ ನೋಡಲಾಗದೆ ನಾನು ಬೇರೆಡೆ ತಿರುಗಿದೆ. ಕಣ್ಣು ಮೂಲೆಯ ಪೆಟ್ಟಿಗೆಯ ಮೇಲೆ ಬಿತ್ತು.

"ಅಣ್ಣ, ಅದನ್ನ ಎತ್ತಿ ಇಡುವಾಗ ನನ್ನ ಸೊಂಟ ಹಿಡ್ಕೊಂಡಿತ್ತು. ಕಾಣಿಕೆಯ ಬಿಸ್ಕತ್ತು ಅಷ್ಟು ಭಾರ ಇರುತ್ತಾ?"

ಅವನು ತಡೆಯುವ ಮೊದಲೇ ದಾರ ಕತ್ತರಿಸಿದೆ. ಒಳಗೆ, ಹಳೆಯ ಪತ್ರಿಕೆಗಳಲ್ಲಿ ಮೊಟ್ಟೆಗಳಂತೆ ಜೋಪಾನವಾಗಿ ಸುತ್ತಿದ ತುಕ್ಕು ಹಿಡಿದ ಚೈನು, ಬ್ರೇಕು, ಬೆಲ್ಲು, ಸೊಟ್ಟಗಾದ ಬುಟ್ಟಿ, ಹೂವಿನ ಹೊದಿಕೆಯ ಸೀಟು. ತಳದಲ್ಲಿ ಕಡ್ಡಿ ಬಿಚ್ಚಿ ಕಟ್ಟಿಟ್ಟ ಎರಡು ಚಕ್ರ. ಪ್ರತಿಯೊಂದರ ಮೇಲೂ ಚೀಟಿ. ಬೇರೆಯವರ ವಸ್ತುವನ್ನು ಎಸೆಯಲು ಅಧಿಕಾರವಿಲ್ಲದ ಕಾರಣ ಜೊತೆಯಲ್ಲಿ ಕಳಿಸುತ್ತಿದ್ದೇವೆ, ಕ್ಷಮಿಸಿ ಎಂದು ನಾಲ್ವರೂ ಬೇರೆ ಬೇರೆ ಮಾತಿನಲ್ಲಿ ಬರೆದಿದ್ದರು.

ಕಿನುಯೋ ಸೀಟನ್ನು ಮಡಿಲಿಗೆ ತೆಗೆದುಕೊಂಡು ಅಂಗಡಿಯ ಮೆಟ್ಟಿಲಲ್ಲಿ ಕುಳಿತಳು. ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ, ಉಳಿಯುತ್ತೇನೆಂದೂ ಹೇಳಲಿಲ್ಲ. ಸಂಜೆಯವರೆಗೆ ನಾನು ಹೊಸದನ್ನು ಬಿಚ್ಚಿದೆ, ಜಿಂಪೇ ಹಳೆಯದನ್ನು ಎತ್ತಿ ಕೊಟ್ಟ. ಮರುದಿನ ಮುಂಜಾನೆ ನಾನು ಕಡ್ಡಿ ಬಿಗಿದೆ, ಅವನು ಹಿಡಿದ. ಮೂವತ್ತು ವರ್ಷದ ಕಸುಬಿನಲ್ಲಿ ಒಳ್ಳೆಯ ಸೈಕಲ್ಲನ್ನು ಕೆಡಿಸಲು ಅಷ್ಟು ಶ್ರದ್ಧೆಯಿಂದ ದುಡಿದದ್ದು ಅದೊಂದೇ ಸಲ. ಬಣ್ಣಕ್ಕೆ ಮಾತ್ರ ಉಪಾಯವಿರಲಿಲ್ಲ.

"ಇರ್ಲಿ ಬಿಡಿ. ಈ ವಯಸ್ಸಲ್ಲಿ ಮದುವೆ ಅಂದ್ರೆ ನಾನೂ ಸ್ವಲ್ಪ ಬಣ್ಣ ಹಚ್ಕೋಬೇಕಲ್ಲ," ಎಂದಳು ಕಿನುಯೋ.

ಜಿಂಪೇ ನನ್ನ ತೋಳು ಚಿವುಟಿದ.

ಆಕೆ ಸೈಕಲ್ಲು ಏರಿ ಬಂದರಿನತ್ತ ಇಳಿದು, ತಿರುವಿನಲ್ಲಿ ಬ್ರೇಕು ಹಿಡಿದಳು. ಎದುರಿನ ದ್ವೀಪದ ನಾಯಿಗಳೂ ಬೊಗಳಿದವು. ಎದುರು ಮನೆಯ ಅಜ್ಜಿ ಗಾಬರಿಯಿಂದ ಹೊರಗೋಡಿ ಬಂದಳು.

"ಏನಾಯ್ತು? ಯಾರು ಸತ್ರು?"

"ಯಾರೂ ಇಲ್ಲ ಅಕ್ಕ," ಎಂದು ಕಿನುಯೋ ಒಂದು ಕಾಲು ಊರಿ ನಿಂತು, ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಏಪ್ರನ್ನಿನ ಜೇಬು ಹೊಲಿಗೆ ಬಿಟ್ಟಿದೆ. ಕೊಡಿ ಇಲ್ಲಿ. ನಾಳಿದ್ದು ತಂದ್ಕೊಡ್ತೀನಿ."

ಬೆಳಗಿನ ಬಸ್ಸು ಆಕೆಯ ಬೆನ್ನ ಹಿಂದೆಯೇ ಹಾದುಹೋಯಿತು. ಆಕೆ ತಿರುಗಿ ನೋಡಲಿಲ್ಲ.

ಜಿಂಪೇ ಬಹಳ ಹೊತ್ತು ಮೂಗು ಒರೆಸಿಕೊಂಡ. ಆಮೇಲೆ ನನ್ನ ನೆಲದ ಮೇಲೆ ಹರಡಿದ್ದ ಹೊಸ ಚಕ್ರ, ಚೈನು, ಸೀಟು, ಬುಟ್ಟಿಗಳನ್ನು ನೋಡಿದ.

"ಯಾಸು, ಇವಕ್ಕೆಲ್ಲ ಒಂದು ಫ್ರೇಮು ಸಿಕ್ಕಿದ್ರೆ ನನಗೂ ಒಂದಾಗುತ್ತೆ. ಅವಳ ಜೊತೆ ಹೋಗ್ಬಹುದು. ಎಷ್ಟಾಗುತ್ತೆ?"

ಅವನ ಬಾಯಲ್ಲಿ ಆ ಪ್ರಶ್ನೆ ಚೌಕಾಸಿಯ ಧಾಟಿಯಿಲ್ಲದೆ ಬಂದದ್ದು ಕೇಳಿ ನನ್ನ ಮನಸ್ಸು ತುಂಬಿ ಬಂತು. "ದುಡ್ಡಿನ ಮಾತು ಬಿಡಿ ಅಣ್ಣ. ಇಷ್ಟು ವರ್ಷ ನಿಮ್ಮ ನಿಂಬೆ ತಿಂದಿದ್ದೀನಿ. ಫ್ರೇಮು ನನ್ನ ಕಡೆಯಿಂದ."

ಅವನ ಮುಖ ಬಿಳಿಚಿತು. ಸೊಂಟದ ಚೀಲ ಬಿಚ್ಚಿ, ನೋಟುಗಳನ್ನು ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಚಾಚಿದ.

"ಬೇಡ ಯಾಸು, ನಿನ್ನ ಕಾಲಿಗೆ ಬೀಳ್ತೀನಿ, ದುಡ್ಡು ತಗೋ!"